ಸಿಟ್ಟಿಗೂ ಒಂದು ಮಾತುಂಟು

ಬಸ್ಸಿನಲ್ಲಿ, ಆಟದ ಬಯಲಿನಲ್ಲಿ, ಈಗೀಗ ಮನೆಯ ಜಗಲಿಯಲ್ಲೂ ಹೊಲಸು ಮಾತು ಸಲೀಸಾಗಿದೆ. ಸಿಟ್ಟಿಗೆ ಮಾತ್ರವಲ್ಲ, ಸಲಿಗೆಗೂ ಅದೇ. 2021ರಲ್ಲಿ ಅಂತರ್ಜಾಲದ ಮೂಲಕ ಬಂದ 'ಚುರುಳಿ' ಎಂಬ ಮಲಯಾಳ ಚಿತ್ರದ ಬೈಗುಳಗಳು ಕೇರಳ ಹೈಕೋರ್ಟಿನ ಮೆಟ್ಟಿಲೇರಿದವು. 2022ರಲ್ಲಿ ಅರ್ಜಿ ವಜಾ ಆಯಿತು. ಕಲೆಗೆ ಸ್ವಾತಂತ್ರ್ಯ ಬೇಕು, ನಿಜ. ಆದರೆ ಚಿತ್ರದಲ್ಲಿ ಪಾತ್ರ ಆಡಿದ ಮಾತನ್ನು ಮೊಬೈಲು ಹಿಡಿದ ಹುಡುಗ ಪೇಟೆಯಲ್ಲಿ ಆಡಿದರೆ?

ಕಾಸರಗೋಡಿನ ನಮ್ಮ ಮಕ್ಕಳು ಕನ್ನಡ, ತುಳು, ಮಲಯಾಳಗಳ ನಡುವೆ ಬೆಳೆಯುವವರು. ಮನೆಮಾತಲ್ಲದ ಭಾಷೆಯ ಬೈಗುಳ ನಾಲಗೆಗೆ ಹಗುರ. ಅದರ ಭಾರ ತಿಳಿಯುವುದು ಕೇಳಿದವನಿಗೆ. ಅರ್ಥವರಿಯದೆ ಆಡಿದ ಒಂದು ಮಾತಿನಿಂದ ನೆರೆಹೊರೆಯ ಸ್ನೇಹವೇ ಕೆಟ್ಟೀತು.

ಹಾಗೆಂದು ನಮ್ಮ ಹಿರಿಯರು ಸಿಟ್ಟೇ ಬಾರದವರಲ್ಲ. 'ಮಂಡೆ ಸಮ ಉಂಟೋ ನಿನಗೆ?' ಎಂದರೆ ಸಾಕಿತ್ತು. ತಾಳಮದ್ದಳೆಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ಮರೆಯಿಂದ ಬಾಣ ಬಿಟ್ಟ ರಾಮನನ್ನು ಇರಿಯುತ್ತಿದ್ದುದು ಹೊಲಸು ನುಡಿಯಿಂದಲ್ಲ, ತರ್ಕದಿಂದ.

ಮಕ್ಕಳನ್ನು ಗದರಿಸಿ ಬಾಯಿ ಮುಚ್ಚಿಸಿದರೆ ಸಾಲದು. ಊರಲ್ಲಿ ತಾಳಮದ್ದಳೆ ನಡೆದಾಗ ಜತೆಗೆ ಕರೆದೊಯ್ಯೋಣ. ಮೊದಲಾಗಿ, ನಮ್ಮ ನಾಲಗೆಯನ್ನು ನಾವು ಹಿಡಿಯೋಣ. ಅವರು ಕಲಿಯುವುದು ನಮ್ಮಿಂದಲೇ ಅಲ್ಲವೆ?