ಪ್ಯಾನ್ ತಪ್ಪಿದರೆ ತೆರಿಗೆ ಯಾರ ಲೆಕ್ಕಕ್ಕೆ?

ಶಿಕ್ಷಕರ ವೇತನದಿಂದ ಕಡಿತವಾದ ಆದಾಯ ತೆರಿಗೆಯು ಅವರ ಲೆಕ್ಕಕ್ಕೆ ಸೇರಬೇಕಾದರೆ, ಖಾಸಗಿ ಶಾಲೆಯ ಆಡಳಿತ ಮಂಡಳಿ ಹಣವನ್ನು ಬ್ಯಾಂಕಿಗೆ ಕಟ್ಟಿದರಷ್ಟೇ ಸಾಲದು. ಆದಾಯ ತೆರಿಗೆ ಕಾಯ್ದೆಯಂತೆ ಮೂರು ತಿಂಗಳಿಗೊಮ್ಮೆ ತೆರಿಗೆ ಕಡಿತದ ವಿವರಪಟ್ಟಿಯನ್ನೂ ಸಲ್ಲಿಸಬೇಕು.

ಈ ವಿವರಪಟ್ಟಿಯು ಒಂದು ಸಾದಾ ಪಠ್ಯ ಕಡತ. ಅದರ ಅಂಕಣಗಳನ್ನು ಬೇರ್ಪಡಿಸುವುದು ಕ್ಯಾರೆಟ್ ಎಂಬ ಟೊಪ್ಪಿಗೆಯಾಕಾರದ ಚಿಹ್ನೆ. ಸಾಲುಗಳೆಲ್ಲವೂ ಒಂದೇ ಬಗೆಯವಲ್ಲ: ‘ಎಫ್‌ಎಚ್’ ಕಡತದ ತಲೆಸಾಲು, ‘ಬಿಎಚ್’ ಸಂಸ್ಥೆಯ ವಿವರ, ‘ಸಿಡಿ’ ಚಲನ್, ‘ಡಿಡಿ’ ತೆರಿಗೆ ಕಡಿತಗೊಂಡ ವ್ಯಕ್ತಿ. ಎರಡನೆಯ ಅಂಕಣದಲ್ಲಿರುವ ಈ ಸಂಕೇತವನ್ನು ನೋಡಿಯೇ ಗಣಕಯಂತ್ರವು ಉಳಿದುದನ್ನು ಓದುತ್ತದೆ. ಶಿಕ್ಷಕರ ಸಾಲನ್ನು ಕ್ರಮಸಂಖ್ಯೆಯ ಮೂಲಕ ಅದರ ಚಲನ್‌ಗೆ ಜೋಡಿಸುತ್ತದೆ.

ಸಲ್ಲಿಕೆಗೆ ಮುನ್ನ ಅಧಿಕೃತ ತಪಾಸಣಾ ತಂತ್ರಾಂಶವು ಸಾಲುಗಳ ಎಣಿಕೆ, ಮೊತ್ತಗಳ ತಾಳೆ ಮತ್ತು ಪ್ಯಾನ್‌ನ 10 ಅಕ್ಷರ-ಅಂಕೆಗಳ ರಚನೆಯನ್ನು ಪರೀಕ್ಷಿಸುತ್ತದೆ. ಆ ಪ್ಯಾನ್ ಯಾರದೆಂಬುದು ಮಾತ್ರ ಅದಕ್ಕೆ ತಿಳಿಯದು. ಜಮೆಯಾಗುವುದು ಹೆಸರಿನ ಆಧಾರದಿಂದಲ್ಲ, ಪ್ಯಾನ್ ಆಧಾರದಿಂದ. ಆದುದರಿಂದ ಎರಡು ಅಂಕೆಗಳು ಅದಲುಬದಲಾದರೂ ಕಡತ ಅಂಗೀಕಾರವಾಗಬಹುದು. ತೆರಿಗೆಯು ಆ ಶಿಕ್ಷಕರ ತೆರಿಗೆ ಜಮಾ ಪಟ್ಟಿಯಲ್ಲಿ ಕಾಣಿಸದು. ಬರಬೇಕಾದ ಮರುಪಾವತಿ ನಿಲ್ಲುತ್ತದೆ, ಬಾಕಿ ಕಟ್ಟೆಂಬ ನೋಟೀಸು ಮನೆಗೆ ಬರುತ್ತದೆ.

ಹಾಗಾದರೆ ಎರಡನೆಯ ಬಾರಿ ಕಟ್ಟಬೇಕೆ? ಬೇಕಿಲ್ಲ. ಕಡಿತವಾದಷ್ಟು ತೆರಿಗೆಯನ್ನು ನೌಕರರಿಂದ ಮತ್ತೆ ಕೇಳುವಂತಿಲ್ಲವೆಂದು ಅದೇ ಕಾಯ್ದೆ ಸಾರುತ್ತದೆ. ಆದರೆ ಕಡಿತವಾದುದನ್ನು ತೋರಿಸಲು ವೇತನ ಚೀಟಿ ಕೈಯಲ್ಲಿರಬೇಕು. ತಿದ್ದುಪಡಿ ವಿವರಪಟ್ಟಿ ಸಲ್ಲಿಸುವ ಹೊಣೆ ಶಾಲೆಯದು. ಅದನ್ನು ಲಿಖಿತವಾಗಿ ಕೇಳುವ ಹಕ್ಕು ಶಿಕ್ಷಕರದು. ಮೂರು ತಿಂಗಳಿಗೊಮ್ಮೆ ತೆರಿಗೆ ಜಮಾ ಪಟ್ಟಿಯನ್ನು ತೆರೆದು ನೋಡಿದರೆ ತಪ್ಪು ಬೇಗ ಸಿಕ್ಕುತ್ತದೆ, ಬೇಗ ತಿದ್ದಲೂ ಆಗುತ್ತದೆ.