ಕೋಲಾರದ ನೆತ್ತಿಯ ಮೇಲೆ ಎರಡು ಕನ್ನಂಬಾಡಿ

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. ಮಳೆಯ ಲೆಕ್ಕಕ್ಕೆ ಇಷ್ಟು ಗೊತ್ತಿದ್ದರೆ ಸಾಕು, ಮಿಕ್ಕಿದ್ದೆಲ್ಲ ಬರೀ ಗುಣಾಕಾರ. ಕೋಲಾರ ಜಿಲ್ಲೆಯ ವಿಸ್ತೀರ್ಣ ಹೆಚ್ಚುಕಡಿಮೆ 4,000 ಚದರ ಕಿಲೋಮೀಟರ್. ವರ್ಷದ ಮಳೆ, ಸ್ವಲ್ಪ ಕೈಬಿಗಿ ಹಿಡಿದೇ ಹೇಳೋಣ, 700 ಮಿ.ಮೀ. ಎರಡನ್ನೂ ಗುಣಿಸಿ ಟಿಎಂಸಿಗೆ ತಿರುಗಿಸಿದರೆ ಸಿಗುವ ಉತ್ತರ 99. ಕನ್ನಂಬಾಡಿ ಕಟ್ಟೆ ಭರ್ತಿಯಾದಾಗ ಅದರಲ್ಲಿರುವುದು 49.45 ಟಿಎಂಸಿ. ಅಂದರೆ ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲದ, ಬರದ ಜಿಲ್ಲೆ ಎಂದು ನಾವೆಲ್ಲ ಮರುಗುವ ಕೋಲಾರದ ನೆತ್ತಿಯ ಮೇಲೆ ಪ್ರತಿ ವರ್ಷ ಎರಡು ಕನ್ನಂಬಾಡಿಯಷ್ಟು ನೀರು ಸುರಿಯುತ್ತದೆ.

ಇದರ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನಿಟ್ಟು ನೋಡಿ. ಎತ್ತಿನಹೊಳೆಯಿಂದ ಘಟ್ಟ ಹತ್ತಿಸಿ ಬಯಲುಸೀಮೆಗೆ ತರಲು ಹೊರಟಿರುವ ನೀರು 24 ಟಿಎಂಸಿ. ಹಂಚಿಕೊಳ್ಳಬೇಕಾದ ಜಿಲ್ಲೆಗಳು ಏಳು. ಪರಿಷ್ಕೃತ ಅಂದಾಜು ವೆಚ್ಚ 23,000 ಕೋಟಿ ರೂಪಾಯಿಗೂ ಮೇಲೆ.

ಹಾಗಂತ ಆ 99 ಟಿಎಂಸಿಯನ್ನೂ ಹಿಡಿದಿಡಲು ಯಾರಿಂದಲೂ ಆಗದು. ಬಹುಪಾಲು ಆವಿಯಾಗುತ್ತದೆ, ರಾಗಿ, ಅವರೆ, ಮಾವು ತಮ್ಮ ಪಾಲು ಕುಡಿಯುತ್ತವೆ, ಒಂದಿಷ್ಟು ಹರಿದುಹೋಗುತ್ತದೆ. ಗ್ರಾನೈಟ್ ಮತ್ತು ನೈಸ್ ಶಿಲೆಯ ಸೀಮೆಯಲ್ಲಿ ಸಹಜವಾಗಿ ನೆಲದೊಳಕ್ಕೆ ಇಳಿಯುವುದು ನೂರರಲ್ಲಿ ಎಂಟರಿಂದ ಹನ್ನೊಂದು ಪಾಲು ಎಂದು ಅಂತರ್ಜಲದ ಲೆಕ್ಕಿಗರು ಹಿಡಿಯುತ್ತಾರೆ. ಹತ್ತು ಅಂದುಕೊಂಡರೆ 700ರಲ್ಲಿ 70 ಮಿ.ಮೀ. ಬೆರಳುದ್ದದ ನೀರು. ಇಷ್ಟರಿಂದ ಏನಾದೀತು?

ಬಂಡೆಯ ಜಿಪುಣತನವನ್ನು ತಿಳಿದರೆ ಉತ್ತರ ಸಿಗುತ್ತದೆ. ನಮ್ಮ ಕಡೆಯ ನೆಲದಡಿಯಲ್ಲಿ ಕೊಳ ಇಲ್ಲ, ಹೊಳೆ ಇಲ್ಲ. ಮೇಲೊಂದಿಷ್ಟು ಕೊಳೆತ ಕಲ್ಲು, ಅದರಡಿ ಬಿರುಕು ಬಿಟ್ಟ ಗಟ್ಟಿ ಬಂಡೆ. ಕೊಳೆತ ಕಲ್ಲಿನ ಪದರದಲ್ಲೂ ನಮ್ಮ ಕೈಗೆ ಸಿಗುವ ನೀರು ನೂರಕ್ಕೆ ಎರಡು ಪಾಲಿನ ಆಸುಪಾಸು, ಮಿಕ್ಕ ತೊಂಬತ್ತೆಂಟು ಕಲ್ಲು ಮತ್ತು ಕಲ್ಲು ಬಿಟ್ಟುಕೊಡದ ತೇವ. ಹಾಗಾಗಿ 70 ಮಿ.ಮೀ. ನೀರು ಒಳಗಿಳಿದರೆ ಜಲಮಟ್ಟ ಮೇಲೇಳುವುದು 70 ಮಿ.ಮೀ. ಅಲ್ಲವೇ ಅಲ್ಲ, ಮೂರೂವರೆ ಮೀಟರ್, ಅಂದರೆ ಹನ್ನೊಂದು ಅಡಿ! ಅಷ್ಟೇ ನೀರನ್ನು ಮೇಲೆತ್ತಿದರೆ ಹನ್ನೊಂದು ಅಡಿ ಕುಸಿಯುವುದೂ ಖಂಡಿತ. ಬೇಗ ಬರಿದಾಗುವ ಈ ನೆಲ ಬೇಗ ತುಂಬಲೂ ಬಲ್ಲದು. ಕೋಲಾರದ ಬಗ್ಗೆ ಓದಿದ ಎಲ್ಲ ಅಂಕಿಗಳ ನಡುವೆ ನನಗೆ ಭರವಸೆ ಕೊಟ್ಟದ್ದು ಇದೊಂದೇ.

ಆದರೆ ದಶಕಗಳಿಂದ ನಡೆದಿರುವುದು ಕುಸಿತವೇ. ಕೆಲವು ತೋಟಗಳಲ್ಲಿ ಬೋರು 1,500 ಅಡಿ ತಲುಪಿದೆ. ಜೋಗದಲ್ಲಿ ರಾಜ ಧುಮುಕುವುದು 830 ಅಡಿ. ಹೆಚ್ಚುಕಡಿಮೆ ಎರಡು ಜೋಗವನ್ನು ಒಂದರ ಕೆಳಗೊಂದು ನಿಲ್ಲಿಸಿ, ಆರೂವರೆ ಇಂಚಿನ ತೂತಿನೊಳಗೆ ನೀರನ್ನು ತಿರುಗಾ ಮೇಲಕ್ಕೆ ಏರಿಸಬೇಕು.

ಬೋರ್ ಕೊರೆಸುವ ದಿನ ತೋಟದಲ್ಲಿ ನಿಂತು ನೋಡಿದವರಿಗೆ ಅದರ ಪಾಡು ಗೊತ್ತು. ಪಾಯಿಂಟ್ ನೋಡುವವನು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತಿ, ಕಾಯಿ ನೆಟ್ಟಗೆ ಎದ್ದ ಕಡೆ ಗೂಟ ಹೊಡೆದಿರುತ್ತಾನೆ. ರಿಗ್ ಲಾರಿ, ಅದರ ಹಿಂದೆ ರಾಡು ಹೊತ್ತ ಇನ್ನೊಂದು ಲಾರಿ, ಎಷ್ಟೋ ಸಲ ತಮಿಳುನಾಡಿನ ತಿರುಚೆಂಗೋಡಿನವು. ಊದುಬತ್ತಿ, ನಿಂಬೆಹಣ್ಣು ಆದಮೇಲೆ ಕೇಸಿಂಗ್ ಇಳಿಯುತ್ತದೆ. ಆಮೇಲೆ ರಾಡಿನ ಮೇಲೆ ರಾಡು. ಕಲ್ಲುಪುಡಿ ಹೊಗೆಯಾಗಿ ಎದ್ದು ಗಿಡ, ಮನುಷ್ಯ, ನಾಯಿ ಎಲ್ಲವನ್ನೂ ಬೆಳ್ಳಗೆ ಮಾಡುತ್ತದೆ. ಪುಡಿ ತೇವವಾಯಿತೇ ಎಂದು ಮನೆಯವರು ಹಿಡಿಹಿಡಿಯಾಗಿ ಹಿಸುಕಿ ನೋಡುತ್ತಾರೆ. "ಇನ್ನೊಂದು ನೂರಡಿ ನೋಡೋಣಣ್ಣ" ಎಂದು ಯಾರೋ ಅನ್ನುತ್ತಾರೆ, ರೇಟು ಮಾತ್ರ ಆಳಕ್ಕೆ ಹೋದಷ್ಟೂ ಅಡಿಗಿಷ್ಟೆಂದು ಏರುತ್ತದೆ. ನೀರು ಬಿದ್ದರೂ ಒಂದು ಇಂಚೋ ಎರಡು ಇಂಚೋ. ಅಷ್ಟು ಆಳದ ನೀರಿನಲ್ಲಿ ಫ್ಲೋರೈಡ್ ಬೇರೆ.

ಸಾವಿರ ಲೀಟರ್ ನೀರನ್ನು 1,500 ಅಡಿ ಎತ್ತಲು, ಪಂಪು ಅರ್ಧಕ್ಕರ್ಧ ಶಕ್ತಿ ಪೋಲು ಮಾಡುತ್ತದೆಂದು ಹಿಡಿದರೆ, ಎರಡೂವರೆ ಯೂನಿಟ್ ಕರೆಂಟು ಬೇಕು. ಒಂದು ಕಿಲೋ ಟೊಮೆಟೊ ಬೆಳೆಯಲು ಜಾಗತಿಕ ಸರಾಸರಿಯಂತೆ 214 ಲೀಟರ್ ನೀರು. ಕೋಲಾರದ ಎಪಿಎಂಸಿಯಲ್ಲಿ ಹರಾಜಿಗೆ ನಿಲ್ಲುವ 15 ಕಿಲೋ ಬಾಕ್ಸಿಗೆ 3,210 ಲೀಟರ್. ಇದಿಷ್ಟೂ ಆ ಆಳದಿಂದಲೇ ಬಂದಿದ್ದರೆ ಒಂದು ಬಾಕ್ಸಿನೊಳಗೆ ಎಂಟು ಯೂನಿಟ್ ಕರೆಂಟು ಕೂತಿದೆ. ಡ್ರಿಪ್ ಹಾಕಿದವರ ಲೆಕ್ಕ ಇದಕ್ಕಿಂತ ಕಡಿಮೆ. ಏನೇ ಆಗಲಿ, 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಪುಕ್ಕಟೆಯಾದ್ದರಿಂದ ಇದು ಯಾರ ಬಿಲ್ಲಿನಲ್ಲೂ ಕಾಣುವುದಿಲ್ಲ. ಬೆಲೆ ಬಿದ್ದ ವಾರ ಆ ಬಾಕ್ಸುಗಳನ್ನೇ ರಸ್ತೆ ಬದಿಗೆ ಸುರಿಯುತ್ತಾರೆ.

ದೇಶದ ಲೆಕ್ಕ ಇನ್ನೂ ದೊಡ್ಡದು. ಭಾರತ ವರ್ಷಕ್ಕೆ ನೆಲದೊಳಗಿಂದ ಎತ್ತುವ ನೀರು ಸುಮಾರು 24,000 ಕೋಟಿ ಘನ ಮೀಟರ್, ಅಂದರೆ 170 ಕನ್ನಂಬಾಡಿ. ಚೀನಾ ಮತ್ತು ಅಮೆರಿಕ ಎರಡೂ ಸೇರಿದರೂ ಇಷ್ಟು ಎತ್ತುವುದಿಲ್ಲ. ಇಡೀ ಜಗತ್ತು 1993ರಿಂದ 2010ರೊಳಗೆ ನೆಲದಡಿಯಿಂದ ಕಳೆದುಕೊಂಡ ನೀರು 2.15 ಲಕ್ಷ ಕೋಟಿ ಟನ್ ಎಂಬ ಅಂದಾಜಿದೆ. ಎತ್ತಿದ ನೀರು ಕೊನೆಗೆ ಸೇರುವುದು ಕಡಲನ್ನು. ಇಷ್ಟು ತೂಕ ಜಾಗ ಬದಲಿಸಿದ್ದರಿಂದ ಭೂಮಿ ತಿರುಗುವ ಅಕ್ಷದ ತುದಿ ಸುಮಾರು 80 ಸೆಂ.ಮೀ. ಸರಿದಿದೆ ಎಂದು ದಕ್ಷಿಣ ಕೊರಿಯಾದ ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ವಿಜ್ಞಾನಿಗಳ ನೇತೃತ್ವದ ತಂಡ 2023ರಲ್ಲಿ ಪ್ರಕಟಿಸಿತು. ಇದರಲ್ಲಿ ವಾಯವ್ಯ ಭಾರತದ ಪಂಪುಗಳ ಪಾಲು ದೊಡ್ಡದು. ಬೋರಿಗೆ ಸಾಲ ಮಾಡಿ ಕೂತ ರೈತನಿಗೆ ಇದನ್ನು ಹೇಳಿದರೆ ನಗಬಹುದು, ಅಳಲೂಬಹುದು.

ಮತ್ತೆ ಕೋಲಾರಕ್ಕೆ ಬರೋಣ. ಹಳ್ಳದಲ್ಲಿ ನೀರು ಸೆಕೆಂಡಿಗೆ ಒಂದೇ ಮೀಟರ್ ನಡೆದರೂ ದಿನಕ್ಕೆ 86 ಕಿಲೋಮೀಟರ್ ದೂರ ಹೋಗುತ್ತದೆ. ಮಾರನೆಯ ದಿನ ಅದು ರಾಜ್ಯದ ಗಡಿ ದಾಟಿರುತ್ತದೆ. ಅದೇ ನೀರು ನೆಲದೊಳಗೆ ಇಳಿದರೆ ದಿನಕ್ಕೆ ಕೆಲವು ಸೆಂಟಿಮೀಟರ್, ಹೆಚ್ಚೆಂದರೆ ಕೆಲವು ಮೀಟರ್ ಚಲಿಸುತ್ತದೆ. ಹಿರಿಯರು ಏರಿ ಕಟ್ಟಿದ್ದು ಈ ಓಟಕ್ಕೆ ಅಡ್ಡ. ಕರ್ನಾಟಕದಲ್ಲಿ ಸುಮಾರು 36,000 ಕೆರೆಗಳು. ಚಿಕ್ಕಬಳ್ಳಾಪುರ ಬೇರೆಯಾಗುವ ಮುಂಚಿನ ಕೋಲಾರ ಒಂದರಲ್ಲೇ ನಾಲ್ಕು ಸಾವಿರಕ್ಕೂ ಹೆಚ್ಚು. ಒಂದರ ಕೋಡಿ ನೀರು ಮುಂದಿನದಕ್ಕೆ, ಅದರದು ಅದರ ಮುಂದಿನದಕ್ಕೆ. ತೂಬು ಎತ್ತಿ ಇಳಿಸಲು ಊರಿಗೊಬ್ಬ ನೀರುಗಂಟಿ. ಬೋರು ಬಂದಮೇಲೆ ನೀರುಗಂಟಿಗೆ ಕೆಲಸವಿಲ್ಲದಾಯಿತು, ಕೆರೆಗೆ ಹೂಳು ತುಂಬಿತು. ನೂರು ಎಕರೆ ಕೆರೆಯಲ್ಲಿ ಒಂದೇ ಒಂದು ಅಡಿ ಹೂಳು ನಿಂತರೆ ಕಳೆದುಹೋಗುವ ಜಾಗ 12.3 ಕೋಟಿ ಲೀಟರಿನದು. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಇಪ್ಪತ್ತು ಸಾವಿರ ಲೋಡು.

ಕೆರೆಯಲ್ಲಿ ನೀರು ನಿಂತರೆ ಏನಾಗುತ್ತದೆಂಬುದನ್ನು ಕೆ.ಸಿ. ವ್ಯಾಲಿ ಯೋಜನೆ ವಿಚಿತ್ರ ದಾರಿಯಲ್ಲಿ ತೋರಿಸಿತು. 2018ರ ಜೂನ್‌ನಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿಯತೊಡಗಿತು. ಪೂರ್ಣ ಸಾಮರ್ಥ್ಯ ದಿನಕ್ಕೆ 44 ಕೋಟಿ ಲೀಟರ್. ಆರಂಭದಲ್ಲೇ ನೊರೆ ಎದ್ದಿತು, ವಿವಾದ ಕೋರ್ಟು ಹತ್ತಿತು. ಮೂರನೆಯ ಹಂತದ ಶುದ್ಧೀಕರಣ ಆಗಲೇಬೇಕೆಂಬ ಹೋರಾಟಗಾರರ ಮಾತು ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. ಆದರೂ ಕೆರೆಗಳ ಸುತ್ತಲಿನ ಬತ್ತಿದ ಬಾವಿಗಳಲ್ಲಿ ನೀರು ಮೇಲೆ ಬಂತು ಎಂಬುದು ಸುಳ್ಳಲ್ಲ. ಜಿಪುಣ ಬಂಡೆ ಅಷ್ಟು ಬೇಗ ತುಂಬಿತು. ಈ 44 ಕೋಟಿ ಲೀಟರ್ ವರ್ಷಪೂರ್ತಿ ಹರಿದರೂ ಆಗುವುದು 5.7 ಟಿಎಂಸಿ, ಜಿಲ್ಲೆಯ ಮೇಲೆ ಬೀಳುವ ಶುದ್ಧ ಮಳೆಯ ಹದಿನೇಳನೇ ಒಂದು ಪಾಲು.

ಬೆಂಗಳೂರಿನವರೂ ತಮ್ಮ ಪಾಲಿನ ಗುಣಾಕಾರ ಮಾಡಿಕೊಳ್ಳಬಹುದು. ಮೂವತ್ತು-ನಲವತ್ತರ ಸೈಟು 111 ಚದರ ಮೀಟರ್. ನಗರದ ಮಳೆ ಸುಮಾರು 970 ಮಿ.ಮೀ. ಒಟ್ಟು ಒಂದು ಲಕ್ಷ ಲೀಟರ್ ದಾಟುತ್ತದೆ. ಐದನೇ ಒಂದು ಪಾಲು ಪೋಲಾದರೂ ಹದಿನಾಲ್ಕು ಟ್ಯಾಂಕರ್. ಮೂರಡಿ ಅಗಲ, ಇಪ್ಪತ್ತಡಿ ಆಳಕ್ಕೆ ರಿಂಗು ಇಳಿಸಿದ ಇಂಗುಬಾವಿ ಒಂದೇ ಸಲಕ್ಕೆ 4,000 ಲೀಟರ್ ಹಿಡಿಯುತ್ತದೆ, 36 ಮಿ.ಮೀ.ನ ಜೋರು ಮಳೆಯೂ ಅದರೊಳಗೆ ಹಿಡಿಸೀತು. ನಿಮ್ಮ ತಾರಸಿಯ ಉದ್ದ ಅಗಲವನ್ನು ಅಡಿಯಲ್ಲಿ ಗುಣಿಸಿ, 10.76ರಿಂದ ಭಾಗಿಸಿ, ನಿಮ್ಮೂರಿನ ಮಳೆಯ ಮಿಲಿಮೀಟರಿನಿಂದ ಗುಣಿಸಿ ನೋಡಿ. ಅಷ್ಟು ನೀರು ಇಳಿಯುವ ಪೈಪು ಈಗ ಚರಂಡಿಗೆ ಬಾಯಿ ಬಿಟ್ಟಿದ್ದರೆ, ಮುಂಗಾರಿಗೆ ಮುಂಚೆ ಪ್ಲಂಬರ್‌ಗೊಂದು ಫೋನು ಮಾಡಿ.