ಘಟ್ಟದ ಅದಿರು, ಪಾದೂರಿನ ತೈಲ

ಅಂಬಲಪಾಡಿಯಿಂದ ಹೆದ್ದಾರಿ ಹಿಡಿದು ದಕ್ಷಿಣಾಭಿಮುಖವಾಗಿ ಸಾಗಿ, ಕಟಪಾಡಿಯನ್ನು ದಾಟಿ, ಕಾಪುವಿನ ಒಳನಾಡಿಗೆ ಹೊರಳಿದವರಿಗೆ ಪಾದೂರು ಎಂಬ ಗ್ರಾಮವು ಸಿಗುತ್ತದೆ. ಅಲ್ಲಿಯ ನೆಲದಡಿಯಲ್ಲಿ ಕಗ್ಗಲ್ಲನ್ನು ಕೊರೆದು ನಿರ್ಮಿಸಿರುವ ಗುಹೆಗಳಲ್ಲಿ 25 ಲಕ್ಷ ಟನ್ ಕಚ್ಚಾತೈಲವನ್ನು ಶೇಖರಿಸಿಡಬಹುದು. ಆ ಗುಹೆಗಳ ಗೋಡೆಗೆ ಉಕ್ಕಿನ ಹೊದಿಕೆಯಿಲ್ಲ. ಬಂಡೆಯ ಬಿರುಕುಗಳಲ್ಲಿ ತುಂಬಿರುವ ಜಲದ ಒತ್ತಡವು ಒಳಗಿನ ತೈಲದ ಒತ್ತಡಕ್ಕಿಂತ ಸದಾ ಅಧಿಕವಾಗಿರುವಂತೆ ನೋಡಿಕೊಳ್ಳುವುದರಿಂದಲೇ ತೈಲವು ಹೊರಕ್ಕೆ ಒಸರದೆ ನಿಲ್ಲುತ್ತದೆ. ಬಾವಿಯ ನೀರನ್ನು ನಚ್ಚಿ ಬಾಳುವ ಊರಿಗೆ ಇದು ಸಣ್ಣ ಸಂಗತಿಯಲ್ಲ.

ಪ್ರಬಲ ರಾಷ್ಟ್ರಗಳು ವಾಣಿಜ್ಯವನ್ನೇ ಆಯುಧವಾಗಿ ಹಿಡಿದಾಗ ಪರದೇಶದ ಬಂಡವಾಳವು ಹೇಗೆ ಬಂದು ಹೇಗೆ ಹಿಂಜರಿಯುತ್ತದೆಂಬುದನ್ನು ಈ ಸೀಮೆಯವರು ಪಾದೂರಿಗೂ ಮುನ್ನವೇ, ಕಾರ್ಕಳದಿಂದ ಬಜಗೋಳಿ, ಮಾಳಗಳ ಮಾರ್ಗವಾಗಿ ಘಟ್ಟವನ್ನೇರಿದರೆ ಎದುರಾಗುವ ಕುದುರೆಮುಖದಲ್ಲಿ ಕಂಡಿದ್ದಾರೆ. 1973ರಲ್ಲಿ ಅರಬ್ ರಾಷ್ಟ್ರಗಳು ಇಸ್ರೇಲಿನ ಬೆಂಬಲಿಗರಿಗೆ ತೈಲವನ್ನು ನಿರಾಕರಿಸಿದುವು; ಕೆಲವೇ ತಿಂಗಳುಗಳಲ್ಲಿ ಅದರ ಬೆಲೆಯು ನಾಲ್ಮಡಿಯಾಯಿತು. ಆ ನಿಷೇಧದಲ್ಲಿ ಸೇರದೆ ಉಳಿದ ಇರಾನಿನ ಬೊಕ್ಕಸವು ತುಂಬಿತು. ಉಕ್ಕಿನ ಕಾರ್ಖಾನೆಗಳನ್ನು ಕಟ್ಟಬಯಸಿದ್ದ ಅಲ್ಲಿಯ ದೊರೆ ಷಾ, ಕುದುರೆಮುಖದ ಅದಿರಿಗಾಗಿ 63 ಕೋಟಿ ಡಾಲರುಗಳ ಸಾಲವನ್ನು ಕೊಡಲು 1975ರಲ್ಲಿ ಸಮ್ಮತಿಸಿದನು. ಅದಿರನ್ನು ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಪಣಂಬೂರಿನ ಬಂದರಕ್ಕೆ ಇಳಿಸುವ ಆ ಮಹಾಯೋಜನೆಯ ಕೆಲಸವು ನಡೆಯುತ್ತಿರುವಾಗಲೇ, 1979ರಲ್ಲಿ ಷಾ ದೇಶವನ್ನು ತೊರೆದನು. ಸಾಲದ ಶೇಷವು ಬರಲಿಲ್ಲ, ಕೊಳ್ಳುವವರೂ ಇಲ್ಲವಾದರು. ಭಾರತ ಸರ್ಕಾರವೇ ತನ್ನ ಹಣದಿಂದ ಕೆಲಸವನ್ನು ಮುಗಿಸಿ ಬೇರೆ ಗಿರಾಕಿಗಳನ್ನು ಅರಸಬೇಕಾಯಿತು. 2005ರ ಕೊನೆಗೆ, ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ, ಗಣಿಯೂ ನಿಂತಿತು. ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿದ ಗಣಿಯ ಹೂಳು ಮಾತ್ರ ಅಲ್ಲಿಯೇ ಇದೆ.

ಈಗಿನ ಕಾಲಕ್ಕೆ ಬರೋಣ. 2018ರ ಮಾರ್ಚಿಯಲ್ಲಿ ಅಮೆರಿಕವು ಪರದೇಶದ ಉಕ್ಕಿನ ಮೇಲೆ ಶೇಕಡ 25ರ ಸುಂಕವನ್ನು ವಿಧಿಸಿತು. ಅಲ್ಲಿ ಗಿರಾಕಿ ತಪ್ಪಿದ ಉಕ್ಕು ಅನ್ಯರ ಪೇಟೆಗಳಿಗೆ ಹರಿಯುವುದೆಂದು ಅಂಜಿ ಯುರೋಪೂ ತನ್ನ ಬಾಗಿಲನ್ನು ಬಿಗಿಮಾಡಿತು. ಇಪ್ಪತ್ತು ವರ್ಷಗಳಲ್ಲಿ ಮರಳಬೇಕಾದ ಸಾಲವನ್ನು ಕೊಡುವವನು, ಬರುವ ವರ್ಷದ ಸುಂಕವನ್ನೇ ಊಹಿಸಲಾರದಾಗ, ಬಡ್ಡಿಯನ್ನು ಏರಿಸುತ್ತಾನೆ, ಇಲ್ಲವೆ ಕೈಬಿಡುತ್ತಾನೆ. ಅದೇ ವರ್ಷದ ನವೆಂಬರ್ 5ರಂದು ಇರಾನಿನ ತೈಲದ ಮೇಲೆ ಅಮೆರಿಕದ ದಿಗ್ಬಂಧನವು ಮರಳಿ ಬಂದಿತು. 12ರಂದು ಅಬುಧಾಬಿಯ ರಾಷ್ಟ್ರೀಯ ತೈಲ ಸಂಸ್ಥೆಯು ಪಾದೂರಿನ ಗುಹೆಗಳಲ್ಲಿ ತನ್ನ ತೈಲವನ್ನಿರಿಸುವ ವಿಚಾರವಾಗಿ ಒಡಂಬಡಿಕೆ ಮಾಡಿಕೊಂಡಿತು. ಒಂದು ಮತ್ತೊಂದಕ್ಕೆ ಕಾರಣವೆಂದು ನಾನು ಹೇಳಲಾರೆ. ಆದರೆ ನಮ್ಮ ಗ್ರಾಮದ ಬಂಡೆಯ ಬೆಲೆಯನ್ನು ಕಟ್ಟುವ ಶಕ್ತಿಗಳು ಎಷ್ಟು ದೂರದಲ್ಲಿವೆಯೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಪಾದೂರಿನಲ್ಲಿ ಮತ್ತೆ 25 ಲಕ್ಷ ಟನ್ನಿನ ಗುಹೆಗಳನ್ನು ಖಾಸಗಿ ಸಹಭಾಗಿತ್ವದಲ್ಲಿ ನಿರ್ಮಿಸಲು ಕೇಂದ್ರ ಸಚಿವ ಸಂಪುಟವು 2021ರಲ್ಲಿ ಅನುಮತಿ ಕೊಟ್ಟಿದೆ. ಅಂಥ ಸಂಗ್ರಹವು ದೇಶಕ್ಕೆ ಅವಶ್ಯವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಭೂಮಿಯ ಬೆಲೆ, ಬಿರುಕು ಬಿಡಬಹುದಾದ ಮನೆಗಳ ಪರಿಹಾರ, ಬಾವಿಗಳ ನೀರಿನ ಪರೀಕ್ಷೆಯ ವೆಚ್ಚ, ಇವಿಷ್ಟು ಹಣವನ್ನು ಗುತ್ತಿಗೆ ಹಿಡಿದವರಿಂದ ಮುಂಗಡ ಠೇವಣಿಯಾಗಿ ಪಡೆದ ಮೇಲೆಯೇ ಸರ್ಕಾರವು ಮೊದಲ ಬಂಡೆಯನ್ನು ಸಿಡಿಸಲು ಅಪ್ಪಣೆ ಕೊಡಬೇಕು.